ಆಪ್ತಮ್ಮನ ಕೋಣೆ

"ಏಯ್, ಹೆಣ ಕೊಯ್ಯೋ ಕೈಲಿ ಕುರ್ಚಿ ಮುಟ್ಬೇಡ್ವೋ! ನೆಲದ ಮೇಲೆ ಕೂತ್ಕೋ, ಕುಡುಕ ಬೋಳಿಮಗನೆ!"

ಆಸ್ಪತ್ರೆಯ ಜವಾನ ಹಾಗೆ ಕೂಗಿದ ಕೂಡಲೇ ನನ್ನ ಗಂಡ ಕುರ್ಚಿ ಬಿಟ್ಟೆದ್ದ. ನಾನು ಏಳಲಿಲ್ಲ. ಅದೇ ಆಸ್ಪತ್ರೆಯಲ್ಲಿ ಕಸ ಗುಡಿಸುವವಳು ನಾನು; ಆ ಕುರ್ಚಿಯನ್ನು ದಿನಾ ಒರೆಸುವುದೂ ನಾನೇ. ನಾವು ಕಾಯುತ್ತಿದ್ದ ಬಾಗಿಲ ಮೇಲೆ 'ಆಪ್ತ ಸಮಾಲೋಚನೆ' ಎಂದು ಬರೆದಿತ್ತು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಕುಡಿತ ಬಿಡಿಸುವ, ಹೊಡೆತ ನಿಲ್ಲಿಸುವ ಕೋಣೆ. ಒಳಗಿನ ಮೇಡಂಗೆ ಗುಡಿಸುವವರೆಲ್ಲ ಸೇರಿ ಇಟ್ಟ ಹೆಸರು ಆಪ್ತಮ್ಮ. ನನ್ನನ್ನು ಅಲ್ಲಿಗೆ ಕಳಿಸಿದ್ದು ಹುಬ್ಬಿನ ಮೇಲೆ ಬಿದ್ದ ನಾಲ್ಕು ಹೊಲಿಗೆ.

ಆಪ್ತಮ್ಮ ಒಳ್ಳೆಯವಳೆಂದೇ ಅನ್ನಿಸಿತು. ನಮ್ಮನ್ನು ಎದುರುಬದುರು ಕೂರಿಸಿದಳು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು ಎಂದಳು.

"ಸಿಟ್ಟು ಬಂದಾಗ ಒಂದು ಲೋಟ ನೀರು ಕುಡ್ದು, ಹತ್ತು ಹೆಜ್ಜೆ ದೂರ ಹೋಗ್ಬೇಕು."

"ನಮ್ಮನೇಲಿ ನಾಲ್ಕನೇ ಹೆಜ್ಜೆಗೇ ಗೋಡೆ ಸಿಗುತ್ತೆ ಮೇಡಂ," ಎಂದೆ.

ನನ್ನ ಗಂಡ ನಕ್ಕುಬಿಟ್ಟ. ನನ್ನ ಮಾತಿಗೆ ಅವನು ನಕ್ಕು ಯಾವ ಕಾಲವಾಗಿತ್ತೋ. ಸುಳ್ಳು ಯಾಕೆ ಹೇಳಲಿ, ಆ ನಗು ನೋಡಿ ನನಗೆ ಆಸೆ ಹುಟ್ಟಿತು. ಅಲ್ಲಿಂದ ಹನ್ನೊಂದು ದಿನ ಅವನು ಕೈ ಎತ್ತಲಿಲ್ಲ. ಅಪ್ಪನ ಸದ್ದು ಕೇಳಿದೊಡನೆ ಪಕ್ಕದ ಮನೆಗೆ ಓಡುತ್ತಿದ್ದ ಮಗಳು ಓಡುವುದನ್ನು ಬಿಟ್ಟಳು. ಹನ್ನೆರಡನೆಯ ದಿನ ಹೆಣದ ಮನೆಗೆ ಒಟ್ಟಿಗೆ ಮೂರು ಹೆಣ ಬಂದವು, ಸಂಜೆ ನನಗೆ ಏಟು ಬಿದ್ದವು.

ಮೂರನೇ ಸಲ ಹೋದಾಗ ಆಪ್ತಮ್ಮ ಅವನನ್ನು ಆಚೆ ಕಳಿಸಿ ನನ್ನೊಬ್ಬಳನ್ನೇ ಕೇಳಿದಳು. "ಧೈರ್ಯವಾಗಿ ಹೇಳಮ್ಮ. ಇಲ್ಲಿ ಆಡಿದ ಮಾತು ಈ ಕೋಣೆ ದಾಟಲ್ಲ. ನನ್ನನ್ನ ನಿನ್ನ ಅಕ್ಕ ಅಂದ್ಕೋ."

ಅಕ್ಕ ಎಂದ ಮೇಲೆ ಮುಚ್ಚಿಡುವುದೇನು? ಎಲ್ಲ ಹೇಳಿದೆ.

"ಅವ್ನು ಕುಡಿಯೋಕೆ ಅಂಗಡಿಗೆ ಹೋಗಲ್ಲ ಅಕ್ಕ. ಕುಡಿಸೋದು ದೊಡ್ಡ ಡಾಕ್ಟ್ರು. ಹೆಣ ಕೊಯ್ಯೋನು ನಮ್ಮೋನು, ತಾವೇ ಕೊಯ್ದಿದ್ದು ಅಂತ ಬರ್ಕೊಳ್ಳೋರು ಅವ್ರು. ಕಿಟಕಿ ಹತ್ರ ನಿಂತು ಅದನ್ನ ಕೊಯ್ಯಿ, ಇದನ್ನ ತೆಗಿ ಅಂತಾರೆ. ಕುಡೀದೆ ಇದ್ರೆ ಇವನಿಗೆ ಕೈ ನಡುಗುತ್ತೆ ಅಂತ ಬಾಟ್ಲಿನೂ ಅವ್ರೇ ತಂದಿಡ್ತಾರೆ. ಅದೊಂದು ನಿಲ್ಸಿಬಿಡಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ."

ಆಪ್ತಮ್ಮ ನನ್ನ ಬೆನ್ನು ಸವರಿದಳು. ನಾನು ಹುಚ್ಚಿಯ ಹಾಗೆ ಅತ್ತೆ.

ಮಾರನೆಯ ಸಂಜೆ ಗಂಡ ಬಂದವನೇ ಜಡೆ ಹಿಡಿದ. "ನಂಬಿ ನಿನ್ನ ಹತ್ರ ಹೇಳಿದ್ದನ್ನ ಊರಿಗೆಲ್ಲ ಸಾರ್ತೀಯೇನೇ ಮುಂಡೆ? ನಿನ್ನ ಮಾತು ಒಂದೂ ಬಿಡದೆ ಡಾಕ್ಟ್ರು ನನಗೆ ಒಪ್ಪಿಸಿದ್ರು ಕಣೇ!" ಅವನು ಒದೆಯುತ್ತಿದ್ದಾಗ ನನಗೆ ನೆನಪಾದದ್ದು ಬೆನ್ನು ಸವರಿದ ಆ ಮೆತ್ತನೆಯ ಕೈ. ಒದೆತಕ್ಕಿಂತ ಅದೇ ಹೆಚ್ಚು ಉರಿಯಿತು.

ನಾಲ್ಕನೇ ಸಲ ಆಪ್ತಮ್ಮ ನನ್ನ ಬಾತ ಮುಖ ನೋಡಿ ಕಣ್ಣು ತಪ್ಪಿಸಿದಳು. ಒಂದು ಕಾಗದ ಓದಿದಳು: ಗಂಡ ಕುಡಿಯುವುದು ಹೊರಗಿನ ಅಂಗಡಿಯಲ್ಲಿ, ಡಾಕ್ಟರ ಮೇಲೆ ನಾನು ಹೇಳಿದ್ದೆಲ್ಲ ಸುಳ್ಳು.

"ಅಕ್ಕ ಅಂದಿದ್ರಲ್ಲ ನೀವು?"

"ಈ ಕೋಣೆ ನಡೆಯೋದೇ ಡಾಕ್ಟ್ರ ಕೈ ಕೆಳಗಮ್ಮ. ಇದನ್ನ ಮುಚ್ಚಿಸಿಬಿಟ್ರೆ ನಿನ್ನಂಥ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕು ಹೇಳು." ಆಮೇಲೆ ಗಂಡನ ಕಡೆ ತಿರುಗಿದಳು. "ಡಾಕ್ಟ್ರು ಕುಡಿಸ್ತಾರೇನಪ್ಪ?"

"ಇಲ್ಲ. ಇವಳದ್ದು ಬಾಯಿ ಸರಿ ಇಲ್ಲ," ಎಂದು ಅವನು ನೆಲ ನೋಡುತ್ತಾ ಸಹಿ ಹಾಕಿದ. ಇಷ್ಟು ವರ್ಷದ ಏಟು ಹೇಗೋ ನುಂಗಿದ್ದೆ. ಇದು ಗಂಟಲಲ್ಲಿ ಇಳಿಯಲಿಲ್ಲ.

ಅಷ್ಟರಲ್ಲಿ ಜವಾನ ಬಂದು ಹೆಣ ಬಂದಿದೆ ಎಂದು ಕೂಗಿದ. ಗಂಡ ಓಡಿದ. ಮೇಜು ತೊಳೆಯಲು ನೀರು ಒಯ್ಯುವ ಸರದಿ ಆ ದಿನ ನನ್ನದು.

"ಹೆಬ್ಬೆಟ್ಟು ಒತ್ತಿ ಹೋಗಮ್ಮ."

"ಬಂದು ಒತ್ತೀನಿ ಮೇಡಂ," ಎಂದೆ. ಅಕ್ಕ ಎನ್ನಲು ನಾಲಿಗೆ ಹೊರಳಲಿಲ್ಲ.

ಹೆಣದ ಮನೆಯ ಮುಂದೆ ಸತ್ತವನ ಕಡೆಯವರು ಇಪ್ಪತ್ತು ಮೂವತ್ತು ಜನ ಬಿಸಿಲಲ್ಲಿ ಕೂತಿದ್ದರು. ನೀರಿನವಳು ಪಕ್ಕದ ಕಿರುಬಾಗಿಲಿನಿಂದ ಒಳಹೊಕ್ಕು ಅಗುಳಿ ಹಾಕಿಕೊಳ್ಳಬೇಕು. ಕೊಯ್ದು, ಹೊಲಿದು, ಬಟ್ಟೆ ಸುತ್ತಿದ ಮೇಲೆ ಡಾಕ್ಟರು ಹೊಸ ಕೈಗವಸು ಹಾಕಿಕೊಂಡು ಹೆಣದ ಪಕ್ಕ ನಿಲ್ಲುತ್ತಾರೆ. ದೊಡ್ಡ ಬಾಗಿಲು ತೆಗೆಯುವುದು ಆಗಲೇ. ಅದು ಅಲ್ಲಿನ ಕಟ್ಟಳೆ.

ಒಳಗೆ ಡಾಕ್ಟರು ಮೂಗಿಗೆ ಕರವಸ್ತ್ರ ಒತ್ತಿ ಕಿಟಕಿಯ ಹತ್ತಿರ ನಿಂತಿದ್ದರು. ನನ್ನ ಗಂಡ ಕತ್ತೆತ್ತಿ ಬಾಟ್ಲಿಯಿಂದ ಗಟಗಟ ಕುಡಿಯುತ್ತಿದ್ದ.

"ಸಾಕೋ ಹಂದಿ. ಬೇಗ ಕೊಯ್ಯಿ, ಊಟದ ಹೊತ್ತಾಯ್ತು."

ನಾನು ಬಕೆಟ್ಟು ಕೆಳಗಿಟ್ಟು ದೊಡ್ಡ ಬಾಗಿಲಿನ ಕಡೆ ನಡೆದೆ.

"ಏಯ್! ಆ ಬಾಗಿಲಲ್ಲ!" ಡಾಕ್ಟರು ಅರಚಿದರು.

"ಬೇಡ ಕಣೇ, ಕೆಲ್ಸ ಹೋಗುತ್ತೆ. ನಿನ್ನ ಕಾಲು ಹಿಡೀತೀನಿ," ಎಂದು ಗಂಡ ಗೋಗರೆದ. ಅವನ ಕಾಲಿನ ಪರಿಚಯ ನನಗೆ ಚೆನ್ನಾಗಿತ್ತು. ನನ್ನ ಕಾಲಿನ ನೆನಪು ಅವನಿಗೆ ಬಂದದ್ದು ಅವತ್ತೇ.

ಅಗುಳಿ ಎಳೆದು ಎರಡೂ ಕದಗಳನ್ನು ಗೋಡೆಗೆ ಬಡಿಯುವಂತೆ ತಳ್ಳಿದೆ. ಮೊದಲು ಎದ್ದವಳು ಸತ್ತವನ ತಾಯಿ. ಅವಳ ಹಿಂದೆ ಎಲ್ಲರೂ ಎದ್ದು ನುಗ್ಗಿದರು. ಎಲ್ಲರ ಕಣ್ಣೂ ಹೋದದ್ದು ಕತ್ತಿ, ಬಾಟ್ಲಿ ಹಿಡಿದು ನಿಂತ ನನ್ನ ಗಂಡನ ಮೇಲೆ. ಯಾರೋ ಆಗಲೇ ಕಲ್ಲು ಎತ್ತಿದ್ದರು.

ನಾನು ಅಡ್ಡ ನಿಂತು ಕಿಟಕಿಯ ಕಡೆ ಕೈ ತೋರಿಸಿದೆ.

"ಮೊದ್ಲು ಅಲ್ಲಿ ನೋಡಿ. ಕುಡಿಸಿ ಕೊಯ್ಯಿಸೋರು ಅಲ್ಲಿದಾರೆ. ಇವನನ್ನ ನಾನು ನೋಡ್ಕೋತೀನಿ."