ಕಲ್ಲುಬಾವಿ ಪೇಟೆಯ ಅರ್ಜಿ

ಶಿಡ್ಲಘಟ್ಟದ ಕಲ್ಲುಬಾವಿ ಪೇಟೆಗೆ ನೋಟೀಸು ಬಂದದ್ದು ೧೯೫೮ರ ಆಷಾಢದಲ್ಲಿ. ಪೇಟೆಯ ನಡುವೆ ಹೊಸ ರಸ್ತೆ ಹಾಯುತ್ತದೆ, ಎರಡು ಸಾಲಿನ ಮನೆಗಳನ್ನೂ ತೆಗೆಯಲಾಗುತ್ತದೆ, ತಕರಾರಿದ್ದವರು ಒಂದು ತಿಂಗಳೊಳಗೆ ಬರೆದುಕೊಡಬೇಕು ಎಂದು ಅದರಲ್ಲಿತ್ತು. ಬಾವಿಕಟ್ಟೆಯ ಮೇಲೆ ನಿಂತು ಅದನ್ನು ಎಲ್ಲರಿಗೂ ಓದಿ ಹೇಳಿದವರು ವರದರಾಜ ಮೇಷ್ಟ್ರು. ಮೂವತ್ತು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿ, ಹೋದ ವರ್ಷವಷ್ಟೇ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಅವರೂ ವಿಧವೆ ತಂಗಿ ಸುಂದರಮ್ಮನೂ ಇಬ್ಬರೇ.

ಓದಿ ಮುಗಿಸಿದಾಗ ಮೊದಲು ಮಾತಾಡಿದವನು ನೇಕಾರ ಗಂಗುಲಪ್ಪ. ಗಾಬರಿಯಾದರೆ ಅವನ ಬಾಯಿಗೆ ತೆಲುಗೇ ಬರುತ್ತಿತ್ತು. "ನಾ ಮಗ್ಗಾಲು ಎಕ್ಕಡ ಪೆಟ್ಟೇದಿ ಸಾಮೀ? ಎಲ್ಲಿಕ್ಕಲಿ ಮಗ್ಗಾನಾ? ಕುಣಿಮಗ್ಗ ಅಂದ್ರೆ ಕಿತ್ಕೊಂಡು ಹೋಗೋ ಸಾಮಾನಾ? ನೆಲದಲ್ಲಿ ಕುಣಿ ತೋಡಿ ಹೂಡಿರೋದು ಅದು!"

ಪಕ್ಕದಲ್ಲಿದ್ದ ಖಲಂದರ್ ಸಾಬರು ರೇಷ್ಮೆ ನೂಲು ತೆಗೆಸುವವರು. ಅವರ ಕೊಟ್ಟಿಗೆಯಲ್ಲಿ ಆರು ಚರಕಗಳು ತಿರುಗುತ್ತಿದ್ದವು. ಗೂಡು ಬೇಯುವ ವಾಸನೆ ಪೇಟೆಗೆಲ್ಲ ಹಬ್ಬಿ, ಅಲ್ಲಿಯವರಿಗೆ ಅದು ವಾಸನೆಯೆಂದೇ ಅನ್ನಿಸುತ್ತಿರಲಿಲ್ಲ. "ಕೆರೆ ಏರಿ ಹಿಂದೆ ಅಷ್ಟು ಬಯಲು ಬಿದ್ದೈತಲ್ಲಾ ಮೇಷ್ಟ್ರೇ, ರಸ್ತೆ ಅಲ್ಲಿ ಮಾಡ್ಬಾರ್ದಾ?" ಎಂದರು.

ಮೇಷ್ಟ್ರು ಮಾರನೆಯ ದಿನವೇ ಊರಿನ ವಕೀಲರೊಬ್ಬರನ್ನು ಕಂಡು ಬಂದರು. ಪೇಟೆ ಎಷ್ಟು ಹಳೆಯದು, ಯಾರು ಯಾರು ಬಾಳಿದ್ದಾರೆ, ಊರಿಗೆ ಅದರಿಂದ ಏನಾಗಿದೆ ಎಂದು ವಿವರವಾಗಿ ಬರೆದು, ಮನೆಗಳ ಪಟ್ಟಿಯನ್ನೂ ಸೇರಿಸಿ ಎಲ್ಲರೂ ಸಹಿ ಹಾಕಿ ಕೊಟ್ಟರೆ ಮೇಲಿನವರು ಯೋಚನೆ ಮಾಡಬಹುದು ಎಂದು ವಕೀಲರು ಹೇಳಿದ್ದರು. ಮೇಷ್ಟ್ರಿಗೆ ಅಷ್ಟು ಸಾಕಾಯಿತು. ನೋಟುಬುಕ್ಕು ಹಿಡಿದು ಮನೆಮನೆಗೆ ಹೊರಟರು.

ಹುಟ್ಟಿದಂದಿನಿಂದ ಅಲ್ಲೇ ಇದ್ದರೂ ತಮಗೆ ಪೇಟೆ ಎಷ್ಟು ಕಡಿಮೆ ಗೊತ್ತಿತ್ತು ಎಂದು ಅವರಿಗೆ ಆ ಹದಿನೈದು ದಿನಗಳಲ್ಲಿ ತಿಳಿಯಿತು. ಪ್ಲೇಗಿನ ವರ್ಷ ಪೇಟೆಯವರೆಲ್ಲ ಊರಾಚೆ ಗುಡಿಸಲು ಹಾಕಿಕೊಂಡಿದ್ದಾಗ ಖಲಂದರ್ ಸಾಬರ ತಾತ ಒಬ್ಬರೇ ಹಿಂದೆ ಉಳಿದು, ಜಾತಿ ನೋಡದೆ ಹೆಣಗಳನ್ನು ಗಾಡಿಯಲ್ಲಿ ಸಾಗಿಸಿದ್ದರು. ಗಂಗುಲಪ್ಪನ ದೊಡ್ಡಪ್ಪ ನೇಯ್ದ ಸೀರೆ ಮದರಾಸಿನ ವಸ್ತುಪ್ರದರ್ಶನಕ್ಕೆ ಹೋಗಿ ವಾಪಸು ಬಂದೇ ಇರಲಿಲ್ಲ. ಮೂಲೆಮನೆಯ ಚಲಪತಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾಗಿ, ಕೊನೆಗೆ ದನಿ ಒಡೆದು ಅದೇ ಮೂಲೆಮನೆಯಲ್ಲಿ ಯಾರೊಂದಿಗೂ ಮಾತಾಡದೆ ಸತ್ತಿದ್ದ. ಮೇಷ್ಟ್ರು ಎಲ್ಲವನ್ನೂ ಬರೆದುಕೊಂಡರು. ಸುಂದರಮ್ಮ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ತೊಡಕಾದದ್ದು ಬಾವಿಯ ವಿಚಾರದಲ್ಲಿ. ಪೇಟೆಗೆ ಹೆಸರು ಕೊಟ್ಟದ್ದೇ ಆ ಬಾವಿ. ಅದನ್ನು ತೋಡಿಸಿದವರು ನಮ್ಮ ಮುತ್ತಾತ ಎಂದು ಗಂಗುಲಪ್ಪ ಹೇಳಿದ. ಇಲ್ಲ, ನಮ್ಮ ದಾದಾ, ನಮ್ಮ ತಾತ ಎಂದು ಖಲಂದರ್ ಸಾಬರು ಹೇಳಿದರು. ಯಾರದೆಂದು ಬರೆಯುವುದು ಎಂಬ ಯೋಚನೆಯಲ್ಲೇ ಮೇಷ್ಟ್ರು ಪೇಟೆಯ ಕೊನೆಯ ಮನೆಗೆ, ಸೂಲಗಿತ್ತಿ ಅಮ್ಮಾಜಮ್ಮನ ಗುಡಿಸಲಿಗೆ ಹೋದರು.

ಅಮ್ಮಾಜಮ್ಮ ಕೇರಿಯವಳು. ಹಗಲಿರುಳೆನ್ನದೆ ಹೆರಿಗೆಗೆ ಕರೆಯುವುದಕ್ಕೆ ಅನುಕೂಲವಾಗಲೆಂದು ಅವಳ ಅತ್ತೆಯ ಕಾಲದಲ್ಲೇ ಪೇಟೆಯವರು ಕೊನೆಯಲ್ಲಿ ಜಾಗ ತೋರಿಸಿದ್ದರು. ಅರವತ್ತು ದಾಟಿದ ಅವಳ ಕೈಗೆ ಬೀಳದ ಮಗು ಪೇಟೆಯಲ್ಲಿರಲಿಲ್ಲ. ಮೇಷ್ಟ್ರ ಹೆಂಡತಿ ಬಾಣಂತಿ ಸನ್ನಿಯಲ್ಲಿ ಮೂರು ದಿನ ನರಳಿ ಸತ್ತಾಗ ಮೂರು ದಿನವೂ ಕಾಲ ಬಳಿ ಕೂತಿದ್ದವಳು ಅವಳೇ. ಆದರೆ ನೀರಿಗೆ ಮಾತ್ರ ಬಾವಿಕಟ್ಟೆಯಿಂದ ದೂರ ಕೊಡ ಇಟ್ಟು, ಯಾರಾದರೂ ಹುಯ್ಯಲಿ ಎಂದು ಕಾಯಬೇಕಾಗಿತ್ತು.

"ಬಾವಿ ತೋಡಿದ್ದು ಯಾರು ಅಂತ ನಿನಗೇನಾದ್ರೂ ಗೊತ್ತಾ ಅಮ್ಮಾಜಮ್ಮ?"

"ನನ್ನ ಯಾಕೆ ಕೇಳ್ತೀರ ಸ್ವಾಮಿ."

"ಹೇಳು ಪರವಾಗಿಲ್ಲ."

"ಧಾತು ವರ್ಷದ ದೊಡ್ಡ ಬರದಾಗೆ ನಮ್ಮೋರು ತೋಡಿದ್ದು. ನಮ್ಮತ್ತೆ ಹೇಳೋಳು. ಗಂಜಿಗೆ ತೋಡಿದ್ರಂತೆ. ಪಕ್ಕ ಕುಸ್ದು ನಮ್ಮತ್ತೆ ಅಪ್ಪನೂ ಇನ್ನೊಬ್ಬನೂ ಒಳಗೇ ಉಳ್ಕಂಡ್ರು. ಅವ್ರನ್ನ ಎತ್ತಿ, ಆಮೇಲೆ ಮತ್ತೆ ತೋಡಿದ್ರು. ನೀರು ಬಂದ ದಿನ ಪೂಜೆ ಮಾಡೋಕೆ ಮುಂಚೆ ಪೇಟೆಯೋರು ನಮ್ಮೋರಿಗೆ ದೂರ ನಿಂತ್ಕಳಿ ಅಂದ್ರಂತೆ."

ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದೇನೂ ಇರಲಿಲ್ಲ. ಮೇಷ್ಟ್ರು ಮನೆಗೆ ಬಂದು, ಅವಳು ಹೇಳಿದ್ದನ್ನು ಹಾಗೆಯೇ ಬರೆದರು. ಅವಳ ಬಗ್ಗೆಯೂ ಒಂದು ಪುಟ ಬರೆದರು. ಮನೆಗಳ ಪಟ್ಟಿಯ ಕೊನೆಯಲ್ಲಿ ಅವಳ ಹೆಸರು ಹಾಕಿದರು.

ಭಾನುವಾರ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅರ್ಜಿ ಓದಿದರು. ಪ್ಲೇಗು, ಸೀರೆ, ನಾಟಕ ಬಂದಾಗ ಜನ ತಲೆದೂಗಿದರು. ಹೆಂಗಸರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಬಾವಿಯ ಭಾಗ ಬಂದಾಗ ಗಂಗುಲಪ್ಪ ಎದ್ದು ನಿಂತ.

"ಏನು ಮೇಷ್ಟ್ರೇ ಇದು? ಇಷ್ಟು ವರ್ಷ ನಾವು ಕುಡಿದಿದ್ದು ಯಾರ ನೀರು ಅಂತ ಬರೀತಿದ್ದೀರಿ?"

"ಇದ್ದದ್ದನ್ನ ಬರೆದಿದ್ದೀನಪ್ಪ."

"ಇದ್ರಾಗೆ ಅವಳ ಹೆಸರಿದ್ರೆ ಇದು ಪೇಟೆ ಅಲ್ಲ ಕೇರಿ ಅಂತಾರೆ. ಕೇರಿ ಆದ್ರೆ ನಾಳೆನೇ ಕೆಡವ್ತಾರೆ. ನಾನು ಸಹಿ ಹಾಕಲ್ಲ. ನಮ್ಮೋರು ಯಾರೂ ಹಾಕಲ್ಲ."

ಮೇಷ್ಟ್ರು ಖಲಂದರ್ ಸಾಬರ ಕಡೆ ನೋಡಿದರು. ಸಾಬರು ನೆಲ ನೋಡುತ್ತ ಹೇಳಿದರು: "ನಾನು ಏನೂ ಅನ್ನಲ್ಲ ಮೇಷ್ಟ್ರೇ. ಆದ್ರೆ ಎಲ್ಲಾರ ಸಹಿ ಇಲ್ದೆ ಅರ್ಜಿ ನಿಲ್ಲಲ್ಲ. ಇನ್ನು ನಾಲ್ಕೇ ದಿನ ಐತೆ."

ಎರಡು ದಿನ ಮೇಷ್ಟ್ರು ಯಾರ ಮನೆಗೂ ಹೋಗಲಿಲ್ಲ. ಮೂರನೆಯ ದಿನ ಕೂತು ಅರ್ಜಿಯನ್ನು ಹೊಸದಾಗಿ ಬರೆದರು. ಬಾವಿಯನ್ನು 'ಊರ ಹಿರಿಯರು' ತೋಡಿಸಿದರು ಎಂದಾಯಿತು. ಸೂಲಗಿತ್ತಿಯ ಪುಟ ಹೋಯಿತು. ಪಟ್ಟಿಯ ಕೊನೆಯ ಹೆಸರೂ ಹೋಯಿತು. ಮನೆಗಳು ಉಳಿದರೆ ಅವಳದೂ ಉಳಿಯುತ್ತದಲ್ಲ, ಈಗ ಮುಖ್ಯವಾದದ್ದು ಮನೆಗಳು ಎಂದು ತಮಗೆ ತಾವೇ ಹೇಳಿಕೊಂಡರು. ಸಂಜೆ ಎಲ್ಲರೂ ಬಂದು ಸಹಿ ಹಾಕಿದರು. ಅಮ್ಮಾಜಮ್ಮನೂ ಬಂದು ಅಂಗಳದಲ್ಲಿ ನಿಂತು, "ನಾನು ಎಲ್ಲಿ ಹೆಬ್ಬೆಟ್ಟು ಒತ್ಲಿ ಸ್ವಾಮಿ?" ಎಂದಳು.

"ನಿನ್ನದು ಬೇಡಮ್ಮ," ಎಂದರು ಮೇಷ್ಟ್ರು. "ಮನೆ ಮಾಲೀಕರದ್ದು ಇದ್ದರೆ ಸಾಕಂತೆ."

ಅವಳು ಸರಿ ಎಂದು ಹೊರಟುಹೋದಳು. ಆ ಮಾತು ಅವರಿಗೆ ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದು ಆಮೇಲೆ ಬಹಳ ದಿನ ಕಾಡಿತು.

ಅರ್ಜಿಯ ವಿಚಾರಣೆಗೆ ಕಚೇರಿಯಿಂದ ಕರೆ ಬಂದಾಗ ಮೇಷ್ಟ್ರು, ಗಂಗುಲಪ್ಪ, ಖಲಂದರ್ ಸಾಬರು ಮೂವರೂ ಒಗೆದ ಬಟ್ಟೆ ತೊಟ್ಟು ಹೋದರು. ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಮಾತು ಮೃದು. ಅರ್ಜಿಯ ಮೊದಲ ಪುಟ ಓದಿ, ಉಳಿದದ್ದನ್ನು ಮಡಚಿಟ್ಟರು. "ಚೆನ್ನಾಗಿ ಬರೆದಿದ್ದೀರಿ ಮೇಷ್ಟ್ರೇ. ಆದರೆ ರಸ್ತೆಯ ಗೆರೆ ಹೋದ ವರ್ಷವೇ ನಿಶ್ಚಯವಾಗಿದೆ. ನೋಟೀಸು ಕೊಡಬೇಕು ಅನ್ನೋ ನಿಯಮಕ್ಕೆ ಕೊಟ್ಟಿದ್ದು. ನಿಮಗೆ ಯಾರೂ ಹೇಳಲಿಲ್ಲವಾ?"

ಮೂವರೂ ಹೊರಗೆ ಬಂದು ಹುಣಸೆಮರದ ಕೆಳಗೆ ನಿಂತರು.

ಸಂಕ್ರಾಂತಿ ಕಳೆದು ಕೆಡವಲು ಶುರುಮಾಡಿದರು. ಮನೆ ಕಳೆದುಕೊಂಡವರಿಗೆ ಊರಾಚೆ ನಿವೇಶನ ಹಂಚಿದರು. ಬೇರೆ ಲೆಕ್ಕ ತೆಗೆಯುವುದೇಕೆಂದು ಕಚೇರಿಯವರು ಅರ್ಜಿಯ ಜೊತೆಗಿದ್ದ ಪಟ್ಟಿಯನ್ನೇ ಹಿಡಿದುಕೊಂಡಿದ್ದರು. ಎಲ್ಲ ಹೆಸರು ಕೂಗಿ ಮುಗಿದ ಮೇಲೂ ಅಮ್ಮಾಜಮ್ಮ ನಿಂತೇ ಇದ್ದಳು. ಗುಮಾಸ್ತ ಪಟ್ಟಿಯನ್ನು ಎರಡು ಸಲ ನೋಡಿ, "ನಿನ್ನ ಹೆಸರಿಲ್ಲಮ್ಮ. ಇದನ್ನ ಬರೆದವರು ನಿಮ್ಮ ಮೇಷ್ಟ್ರೇ ಅಲ್ವಾ, ಕೇಳು," ಎಂದ.

ಅವಳು ತಿರುಗಿ ಮೇಷ್ಟ್ರನ್ನು ನೋಡಿದಳು. ಕೇಳಲಿಲ್ಲ.

ಮೇಷ್ಟ್ರು ಗುಮಾಸ್ತನ ಮುಂದೆ ಕೈಮುಗಿದರು, ತಪ್ಪು ನನ್ನದು ಎಂದರು, ಹೊಸ ಅರ್ಜಿ ಬರೆದರು, ಆಮೇಲೆ ಇನ್ನೂ ಮೂರು ಬರೆದರು. ತಮ್ಮ ನಿವೇಶನವನ್ನೇ ಅವಳಿಗೆ ಕೊಡುತ್ತೇನೆಂದರೆ ಹಾಗೆ ವರ್ಗಾಯಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಅಷ್ಟರೊಳಗೆ ಗುಡಿಸಲು ನೆಲಸಮವಾಗಿ, ಅಮ್ಮಾಜಮ್ಮ ಒಂದು ಗಂಟಿನ ಸಮೇತ ಊರು ಬಿಟ್ಟಿದ್ದಳು. ಗಂಗುಲಪ್ಪ ಮಗ್ಗದ ಕುಣಿಗೆ ತಾನೇ ಮಣ್ಣು ತುಂಬಿ, ಚಿಂತಾಮಣಿಯ ಮಗಳ ಮನೆಗೆ ಹೋದ. ಮತ್ತೆ ಅವನು ನೇಯಲಿಲ್ಲ.

ಅಮ್ಮಾಜಮ್ಮ ತೊಂಡೇಬಾವಿಯಲ್ಲಿದ್ದಾಳೆಂದು ಮೇಷ್ಟ್ರಿಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಬಸ್ಸು ಹಿಡಿದು ಗೌರಿಬಿದನೂರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಹೋದರು. ಸ್ಟೇಷನ್ನಿನ ಹಿಂದೆ, ತನ್ನ ತಂಗಿಯ ಮಗನ ಗುಡಿಸಲಿನ ಮುಂದೆ ಅವಳು ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ದನಿಯಲ್ಲಿ ಗುರುತು ಹಿಡಿದಳು.

"ಮೇಷ್ಟ್ರಾ? ಇಷ್ಟು ದೂರ ಯಾಕೆ ಬಂದ್ರಿ?"

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಮೊದಲು ಬರೆದದ್ದು, ಆಮೇಲೆ ತೆಗೆದದ್ದು, ಹೆಬ್ಬೆಟ್ಟು ಬೇಡವೆಂದು ಸುಳ್ಳು ಹೇಳಿದ್ದು.

"ನನಗೆ ಅವತ್ತೇ ಗೊತ್ತಾಗಿತ್ತು ಸ್ವಾಮಿ. ನಿಮ್ಮ ಮುಖ ನೋಡಿದಾಗ್ಲೇ," ಎಂದಳು ಕೊನೆಗೆ. "ಗೊತ್ತಾಗಿ ಏನ್ ಮಾಡ್ಲಿ?"

"ನಮ್ಮ ಮನೆಗೆ ಬಾ ಅಮ್ಮಾಜಮ್ಮ. ಹೊಸ ಮನೆ ಕಟ್ಟಿದ್ದೀವಿ. ಹಿತ್ತಿಲಲ್ಲಿ ಒಂದು ಕೋಣೆ ಇದೆ."

"ಬ್ಯಾಡ. ಇಲ್ಲಿ ನೀರಿಗೆ ಯಾರನ್ನೂ ಕಾಯಂಗಿಲ್ಲ. ಸ್ಟೇಷನ್ ನಲ್ಲೀಲಿ ಬರ್ತದೆ." ಆಮೇಲೆ, "ಸಾಬ್ರ ಮೊಮ್ಮಗಳು ಬಸುರಿ ಇತ್ತಲ್ಲ, ಏನಾಯ್ತು?" ಎಂದು ಕೇಳಿದಳು.

"ಗಂಡು ಮಗು. ಆಸ್ಪತ್ರೇಲಿ."

"ಆಸ್ಪತ್ರೇಲಾ," ಎಂದಳು. ಮೇಷ್ಟ್ರು ಕ್ಷಮಿಸು ಎನ್ನಲು ಬಂದವರು, ಆ ಮಾತು ಕೇಳಿ ಅವಳಿಗೆ ಆಗಬೇಕಾದ್ದೇನು ಎಂದು ತೋಚದೆ, ಮುಂದಿನ ರೈಲಿಗೆ ಎದ್ದು ಬಂದರು.

ಮುಂದಿನ ಬೇಸಿಗೆಯಲ್ಲಿ ಅವಳು ಸತ್ತಳೆಂದು ತೊಂಡೇಬಾವಿಯಿಂದ ಒಂದು ಕಾರ್ಡು ಬಂತು. ಬಂದದ್ದು ಸತ್ತ ಎಂಟು ದಿನಕ್ಕೆ. ಮೇಷ್ಟ್ರು ಕಾರ್ಡು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತದ್ದನ್ನು ಕಂಡು ಸುಂದರಮ್ಮ, "ಸ್ನಾನ ಯಾಕಣ್ಣ? ಅವಳು ನಮಗೇನಾಗಬೇಕು? ಸೂತಕ ಬರಲ್ಲ," ಎಂದಳು.

ಮೇಷ್ಟ್ರು ಸ್ನಾನ ಮಾಡದೆ ಅಂಗಿ ತೊಟ್ಟುಕೊಂಡು ಖಲಂದರ್ ಸಾಬರಲ್ಲಿಗೆ ಹೋದರು. ಹೊಸ ಜಾಗದಲ್ಲಿ ಸಾಬರಿಗೆ ಉಳಿದದ್ದು ಎರಡೇ ಚರಕ. ಒಂದನ್ನು ಅವರೇ ತಿರುಗಿಸುತ್ತಿದ್ದರು. ವಿಷಯ ಕೇಳಿ ಕೈ ನಿಲ್ಲಿಸಿದರು. ತುಟಿ ಅಲ್ಲಾಡಿತು, ಏನು ಹೇಳಿಕೊಂಡರೆಂದು ಕೇಳಿಸಲಿಲ್ಲ.

"ನನ್ನ ಮೂರು ಮಕ್ಕಳನ್ನ ಅವಳೇ ಹಿಡಿದಿದ್ದು," ಎಂದರು.

"ಹೂಂ," ಎಂದರು ಮೇಷ್ಟ್ರು.

ಬಾಣಲೆಯಲ್ಲಿ ಗೂಡಿನ ನೀರು ಆರುತ್ತಿತ್ತು. ಆರಿದರೆ ಎಳೆ ತುಂಡಾಗುತ್ತದೆ. ಸಾಬರು ಮತ್ತೆ ಹಿಡಿಗೆ ಕೈಹಾಕಿದರು. ಮೇಷ್ಟ್ರು ಹೊಸ ರಸ್ತೆ ಹಿಡಿದು ಮನೆಗೆ ಹೋದರು.