ಡೆಲಾಯ್ ತುಂಬಿದ ತೋಟಾಗಳು

ಆ ಸದ್ದು ನನಗಿಂತ ಮೊದಲು ಕೇಳಿಸಿದ್ದು ರುಲಾನ್‌ಗೆ. ನಮ್ಮದು ಓಡುತ್ತ, ಬಾಗುತ್ತ, ಗೋಡೆಯ ಮರೆಯಿಂದ ಇಣುಕುತ್ತ ಗುಂಡು ಹೊಡೆಯುವ ಪಂದ್ಯ. ಟೈಮರು ಪೀಂ ಎಂದ ಮೇಲೆ ಹೊಡೆಯುವವರ ತಲೆಯಲ್ಲಿ ಮುಂದಿನ ರಟ್ಟಿನ ಗುರಿ, ಅದರಾಚೆಯ ಉಕ್ಕಿನ ತಟ್ಟೆ ಬಿಟ್ಟು ಬೇರೇನೂ ಇರುವುದಿಲ್ಲ. ಟೈಮರು ಹಿಡಿದು ಬೆನ್ನ ಹಿಂದೆಯೇ ಓಡಿಬರುವ ರೇಂಜ್ ಆಫೀಸರು ನಮ್ಮ ಪರವಾಗಿ ಎಚ್ಚರವಾಗಿರಬೇಕು. ಅವತ್ತು ನನ್ನ ಬೆನ್ನ ಹಿಂದಿದ್ದವನು ರುಲಾನ್.

"ನಿಲ್ಲು! ಅರ್ಡಿಸ್, ನಿಲ್ಲು! ಬೆರಳು ತೆಗಿ!"

ಢಂ ಎನ್ನಬೇಕಾದದ್ದು ಠುಸ್ ಎಂದಿತ್ತು. ರುಲಾನ್ ನನ್ನ ಪಿಸ್ತೂಲು ಬಿಚ್ಚಿಸಿ ನಳಿಗೆಗೆ ಮರದ ಕಡ್ಡಿ ತೂರಿಸಿ ತಟ್ಟಿದ. ನಡುವೆ ಸಿಕ್ಕಿಕೊಂಡಿದ್ದ ಗುಂಡು ಅವನ ಅಂಗೈಗೆ ಬಿತ್ತು.

"ಮದ್ದೇ ಇಲ್ಲ ಕಣೇ ಇದ್ರಲ್ಲಿ. ಇನ್ನೊಂದು ಹೊಡೆದಿದ್ರೆ ನಳಿಗೆ ಸೀಳ್ತಿತ್ತು. ನಿನ್ನ ಬೆರಳು ಹುಡುಕೋ ಕೆಲಸ ನನಗೆ ಬರ್ತಿತ್ತು."

ನೆಲಕ್ಕೆ ಬಿದ್ದ ಹಿತ್ತಾಳೆ ಚಿಪ್ಪನ್ನು ಹೆಕ್ಕಿ ಬುಡ ನೋಡಿದ. ಹಸಿರು ಶಾಯಿಯ ಗೆರೆ. ನಮ್ಮ ಕ್ಲಬ್ಬಿನಲ್ಲಿ ಒಬ್ಬೊಬ್ಬರದು ಒಂದೊಂದು ಬಣ್ಣ. ಖಾಲಿ ಚಿಪ್ಪುಗಳನ್ನು ಆರಿಸಿಕೊಳ್ಳುವಾಗ ಜಗಳ ಬರಬಾರದೆಂದು. ಹಸಿರು ನನ್ನ ಗಂಡ ಡೆಲಾಯ್‌ದು.

"ಅವನು ತುಂಬಿದ್ದಾ?" ಎಂದ ರುಲಾನ್, ಯಾರೋ ಹೋಗಿಬಿಟ್ಟರಾ ಎಂದು ಕೇಳುವವನ ದನಿಯಲ್ಲಿ.

ಗುಂಡು ಹೊಡೆಯುವವಳು ನಾನು. ತೋಟಾ ತುಂಬುವವನು ಡೆಲಾಯ್. ಮದುವೆಯಾದ ಹೊಸತರಲ್ಲೇ ಹೀಗೆ ಹಂಚಿಹೋಗಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ದಿನವಿಡೀ ಗುದ್ದಾಡಿ ಬಂದು, ಊಟ ಮುಗಿಸಿ, ಗ್ಯಾರೇಜಿನ ಮೇಜಿನ ಮುಂದೆ ಕೂತರೆ ಅವನ ಬಿಗಿದ ಭುಜ ಸಡಿಲಗೊಳ್ಳುತ್ತಿತ್ತು. ಹಳೆಯ ಚಿಪ್ಪನ್ನು ತೊಳೆಯುವುದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸುವುದು, ತಕ್ಕಡಿಯಲ್ಲಿ ತೂಗಿ ಮದ್ದು ಸುರಿಯುವುದು, ಮೇಲೊಂದು ಗುಂಡಿಟ್ಟು ಪ್ರೆಸ್ಸಿನ ಹಿಡಿ ಎಳೆಯುವುದು. ಪಾತ್ರೆ ತೊಳೆಯುತ್ತ ಗೋಡೆಯಾಚೆಯಿಂದ ಆ ಹಿಡಿಯ ಗ್ರಕ್ ಸದ್ದು ಕೇಳುತ್ತಿದ್ದೆ. ನನಗೆ ಮಣಿಕಟ್ಟಿನ ನೋವು ಶುರುವಾದಾಗ ಅವನು ಮದ್ದು ಬದಲಿಸಿದ, ಭಾರದ ಗುಂಡು ತಂದ, ತಿಂಗಳುಗಟ್ಟಲೆ ತೂಗಿ ನೋಡಿದ. ಆಮೇಲೆ ನನ್ನ ಪಿಸ್ತೂಲು ಒದೆಯುವುದನ್ನು ಬಿಟ್ಟು ಅಂಗೈಯನ್ನು ಮೆತ್ತಗೆ ತಳ್ಳತೊಡಗಿತು. ನಮ್ಮ ಮನೆಯಲ್ಲಿ ಪ್ರೀತಿಯ ಮಾತು ಕಡಿಮೆ. ಗುರಿಯ ಮುಂದೆ ನಿಂತಾಗ ಅಂಗೈಗೆ ಬರುತ್ತಿದ್ದ ಆ ತಳ್ಳು ನನಗೆ ಸಾಕಾಗಿತ್ತು.

ಹೋದ ಚಳಿಗಾಲದಿಂದ ಅವನಿಗೆ ಮರೆವು. ರುಲಾನ್‌ನನ್ನು ತೀರಿಕೊಂಡ ತನ್ನ ಅಣ್ಣನ ಹೆಸರಿನಿಂದ ಕರೆಯುತ್ತಾನೆ. ಒಂದು ದಿನ ಆಲೂಗಡ್ಡೆ ಹೆರೆದು, ಗಡ್ಡೆಯನ್ನು ಕಸಕ್ಕೆ ಹಾಕಿ ಸಿಪ್ಪೆಯನ್ನು ಬೇಯಲು ಇಟ್ಟಿದ್ದ. ಮೇಜಿನ ಮುಂದೆ ಕೂತಾಗ ಮಾತ್ರ ಕೈ ತಾನಾಗಿ ಓಡುತ್ತದೆ, ಮುಖ ಹಳೆಯ ಡೆಲಾಯ್‌ದಾಗುತ್ತದೆ. ಹಾಗೆಂದು ನಾನು ನಂಬಿದ್ದೆ.

"ಇನ್ನು ಅವನ ಕೈಗೆ ಪ್ರೆಸ್ ಕೊಡಬೇಡ ಕಣೇ," ಎಂದಳು ಅವತ್ತು ಮಧ್ಯಾಹ್ನ ನಮ್ಮ ತಂಡದ ಮೆರ್ಲಾ. ಅವಳ ಪಿಕಪ್ ಗಾಡಿಯ ಹಿಂಬಾಗಿಲು ಇಳಿಸಿ ಅದರ ಮೇಲೆ ಕೂತು ಇಬ್ಬರೂ ಬ್ರೆಡ್ಡು ತಿನ್ನುತ್ತಿದ್ದೆವು. "ಕಲಿ ನೀನೇ. ನಾನು ಕಲೀಲಿಲ್ವಾ? ನನ್ನ ಗಂಡನ ಕೈಲಿ ಬಲ್ಬ್ ಹಾಕೋಕೂ ಬರಲ್ಲ."

"ನೋಡೋಣ."

"ನೋಡೋಣ ಅಂತೆ. ಬೆರಳು ಹೋದ್ಮೇಲೆ ಏನನ್ನ ನೋಡ್ತೀಯ?"

ಕಲಿಯುವುದು ಕಷ್ಟವೆಂದಲ್ಲ. ನನಗೆ ಬಾರದಿರುವ ತನಕ ಯಾರಾದರೂ ನನಗಾಗಿ ತುಂಬಲೇಬೇಕಲ್ಲ! ಇದನ್ನು ಮೆರ್ಲಾಗೆ ಹೇಳಲಾಗಲಿಲ್ಲ.

ಮದ್ದಿಲ್ಲದ ತೋಟಾದ ಸಂಗತಿಯನ್ನು ಡೆಲಾಯ್‌ಗೂ ಹೇಳಲಿಲ್ಲ. ಪಟ್ಟಣದ ಅಂಗಡಿಯಿಂದ ಸಿದ್ಧ ತೋಟಾ ತಂದು ಕಾರಿನ ಸೀಟಿನಡಿ ಇಟ್ಟೆ. ಅವನನ್ನು ರುಲಾನ್ ಹೋಟೆಲಿಗೆ ಹಣ್ಣಿನ ಪೈ ತಿನ್ನಿಸಲು ಕರೆದೊಯ್ದಾಗಲೆಲ್ಲ, ಅವನು ತುಂಬಿಟ್ಟಿದ್ದನ್ನು ಬಿಚ್ಚಲು ನಾನು ಗ್ಯಾರೇಜಿಗೆ ಹೋಗುತ್ತಿದ್ದೆ. ತೋಟಾ ಬಿಚ್ಚಲು ಒಂದು ಪ್ಲಾಸ್ಟಿಕ್ ಸುತ್ತಿಗೆ ಇದೆ; ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಕಾಂಕ್ರೀಟಿಗೆ ಬಡಿದರೆ ಗುಂಡೂ ಮದ್ದೂ ಬೇರೆಯಾಗುತ್ತವೆ. ಬಡಿದು ಬಡಿದು ಗುಂಡನ್ನು ಗುಂಡಿನ ಡಬ್ಬಿಗೆ, ಮದ್ದನ್ನು ಮದ್ದಿನ ಡಬ್ಬಿಗೆ ಹಿಂದಕ್ಕೆ ಹಾಕುತ್ತಿದ್ದೆ. ಕೆಲವು ಚಿಪ್ಪುಗಳಿಂದ ಏನೂ ಉದುರುತ್ತಿರಲಿಲ್ಲ. ಕೆಲವುಗಳಿಂದ ಎರಡು ಪಾಲು ಉದುರುತ್ತಿತ್ತು, ಹೊಡೆದಿದ್ದರೆ ಪಿಸ್ತೂಲೇ ಸಿಡಿಯುವಷ್ಟು. ಅಂಥದ್ದು ಸಿಕ್ಕಾಗ ಸುತ್ತಿಗೆ ಕೆಳಗಿಟ್ಟು ಆ ಮದ್ದನ್ನು ತಕ್ಕಡಿಗೆ ಹಾಕಿ ಮತ್ತೆ ತೂಗುತ್ತಿದ್ದೆ. ಆ ತೋಟಾ ತುಂಬುವಾಗ ಅವನು ಎಲ್ಲಿಗೆ ಹೋಗಿದ್ದನೋ.

"ಈ ಮದ್ದಿನ ಡಬ್ಬಿ ಮುಗಿಯೋದೇ ಇಲ್ವಲ್ಲೇ!" ಎಂದು ಒಮ್ಮೆ ನಕ್ಕ ಡೆಲಾಯ್. "ಬೈಬಲ್ಲಿನ ವಿಧವೆಯ ಮನೇಲಿ ಎಷ್ಟು ಸುರಿದ್ರೂ ಬತ್ತದ ಎಣ್ಣೆ ಮಡಕೆ ಆಗಿದೆ."

"ನೀನು ಕಂಜೂಸು. ಕಮ್ಮಿ ಹಾಕ್ತೀಯ, ಅದಕ್ಕೇ," ಎಂದೆ ಬೆನ್ನು ತಿರುಗಿಸಿಕೊಂಡು.

ಅಂಗಡಿಯ ತೋಟಾ ಅಪರಿಚಿತರ ಹಾಗೆ ಒದೆಯುತ್ತಿತ್ತು. ಪಂದ್ಯ ಮುಗಿಸಿ ಬಂದ ದಿನ ಮಣಿಕಟ್ಟಿಗೆ ಬಿಸಿನೀರ ಬಟ್ಟೆ ಸುತ್ತಿ ಕೂರುತ್ತಿದ್ದೆ. ನೋವಿಗಿಂತ ಹೆಚ್ಚಾಗಿ ಬಾಧಿಸಿದ್ದು ಬೇರೆ. ಮನೆಯಲ್ಲೇ ಇರುವ ಮನುಷ್ಯನಿಗಾಗಿ ಹಂಬಲಿಸುವುದು ವಿಚಿತ್ರ. ಅವನು ಎದುರಿಗೆ ಕೂತು ಸೂಪು ಕುಡಿಯುತ್ತಿರುತ್ತಾನೆ, ನಾನು ಅವನನ್ನು ನೆನೆಸಿಕೊಂಡು ಚಮಚ ಆಡಿಸುತ್ತಿರುತ್ತೇನೆ.

ಹೊಲಗಳಲ್ಲಿ ಸಕ್ಕರೆ ಬೀಟ್ ಗೆಡ್ಡೆ ಕೀಳುವ ಕಾಲದ ಕೊನೆಯ ಪಂದ್ಯಕ್ಕೆ ತಾನೂ ಬರುತ್ತೇನೆಂದ. ಮಡಚುವ ಕುರ್ಚಿ, ಸದ್ದು ತಡೆಯಲು ಕಿವಿಗೆ ಹಾಕುವ ಬಟ್ಟಲು ಎಲ್ಲವನ್ನೂ ತಾನೇ ಕಾರಿಗೇರಿಸಿದ. ಪಂದ್ಯ ನಡೆಯುವ, ನದಿಯ ಪಕ್ಕದ ಜಲ್ಲಿ ಗುಂಡಿಗೆ ಬಂದಿಳಿದಾಗ ಗಾಳಿ ಬೀಸುತ್ತಿತ್ತು, ಬೂದು ಗಿಡಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಡೆಲಾಯ್ ಕೋಟಿನ ಜೇಬಿನಿಂದ ಡಬ್ಬಿ ತೆಗೆದು ನನ್ನ ಕೈಗಿಟ್ಟ.

"ನಿನ್ನೆ ತುಂಬಿದ್ದು. ತಟ್ಟೆ ಬೀಳ್ದಿದ್ರೆ ನನ್ನ ಬೈಬೇಡ, ನಿನ್ನ ಕಣ್ಣನ್ನ ಬೈಕೋ."

ಡಬ್ಬಿ ಅವನ ಮೈಯಿಂದ ಬೆಚ್ಚಗಿತ್ತು. ಅದನ್ನು ಚೀಲದ ತಳಕ್ಕಿಟ್ಟು, ಕಾರಿನ ಮರೆಯಲ್ಲಿ ನಿಂತು ಪಿಸ್ತೂಲಿನ ಮ್ಯಾಗಝಿನ್‌ಗಳಿಗೆ ಅಂಗಡಿಯದನ್ನು ತುಂಬಿಕೊಂಡೆ.

ಪೀಂ. ಎಡಕ್ಕೆ ಎರಡು ರಟ್ಟು, ಕಿಟಕಿಯಿಂದ ಎರಡು, ಓಡಿ ಹೋಗಿ ತಟ್ಟೆಗಳು. ಕೊನೆಯ ತಟ್ಟೆ ತಡವಾಗಿ ಬಿತ್ತು. ರುಲಾನ್ ಪಿಸ್ತೂಲು ಖಾಲಿಯೆಂದು ಪರೀಕ್ಷಿಸಿ ಕೈ ಎತ್ತಿದ. ತಿರುಗಿ ನೋಡಿದರೆ ಡೆಲಾಯ್ ಕುರ್ಚಿಯಿಂದ ಎದ್ದು ನಿಂತಿದ್ದ.

"ಅದು ನಂದಲ್ಲ," ಎಂದ.

"ಗಾಳಿ ಕಣೋ," ಎಂದು ರುಲಾನ್ ನಗಲು ನೋಡಿದ. "ಇವತ್ತು ಎಲ್ಲರದ್ದೂ ಹಾಗೇ ಕೇಳ್ತಿದೆ."

"ನಿನ್ನ ಹೆಸರು ಮರೀತೀನಿ, ಒಪ್ಕೋತೀನಿ. ನನ್ನ ಮದ್ದಿನ ಸದ್ದು ಮರೀತೀನಾ? ಅದು ಕೆಮ್ಮತ್ತೆ. ಇದು ಬೊಗಳ್ತು." ನನ್ನ ಕಡೆ ತಿರುಗಿದ. "ಯಾರದ್ದು ಹೊಡೆದೆ ಅರ್ಡಿಸ್?"

ಎಷ್ಟು ತಿಂಗಳಾಗಿತ್ತು, ಅವನ ಕಣ್ಣು ಹೀಗೆ ನೇರವಾಗಿ ನನ್ನ ಮೇಲೆ ನಿಂತು! ಇದೇ ಮನುಷ್ಯನಿಗಾಗಿ ನಾನು ಕಾದಿದ್ದೆ. ಸುಳ್ಳೊಂದು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವನ ಮೇಜು ಅವನಿಗೆ ಉಳಿಯುತ್ತಿತ್ತು. ಅಷ್ಟು ಸರಿಯಾಗಿ ಕೇಳಿಸಿಕೊಂಡವನಿಗೆ, ನಿನ್ನ ಕಿವಿಯೂ ಕೆಟ್ಟಿದೆ ಎಂದು ಹೇಳುವುದು ಹೇಗೆ?

"ಅಂಗಡೀದು," ಎಂದೆ. "ಬೇಸಿಗೆಯಲ್ಲಿ ನಿನ್ನ ಒಂದ್ರಲ್ಲಿ ಮದ್ದಿರಲಿಲ್ಲ. ಗುಂಡು ನಳಿಗೇಲಿ ಸಿಕ್ಕೊಂತು."

"ಒಂದೇನಾ?"

"ಅಲ್ಲ. ಕೆಲವದ್ರಲ್ಲಿ ಇರಲಿಲ್ಲ. ಕೆಲವದ್ರಲ್ಲಿ ಎರಡೆರಡು ಸಲ ಹಾಕಿದ್ದೆ. ಆಮೇಲಿಂದ ನೀನು ತುಂಬಿದ್ದೆಲ್ಲ ನಾನು ಬಿಚ್ತಾ ಇದ್ದೆ."

ರುಲಾನ್ ಮೆಲ್ಲಗೆ ಆಚೆ ಸರಿದ. ಡೆಲಾಯ್ ನನ್ನ ಬಲಗೈಯನ್ನು ಎತ್ತಿಕೊಂಡು ಒಂದೊಂದೇ ಬೆರಳು ಬಿಡಿಸಿ ನೋಡಿದ, ಎಲ್ಲವೂ ಇವೆಯೇ ಎನ್ನುವ ಹಾಗೆ. ಆಮೇಲೆ ಕೈ ಬಿಟ್ಟ.

"ಆಡೋಕೆ ಬ್ರೆಡ್ ಹಿಟ್ಟಿನ ಉಂಡೆ ಕೊಟ್ಟು ಮಗೂನ ಮೂಲೇಲಿ ಕೂರಿಸ್ದಂಗೆ ಕೂರಿಸ್ದೆ ನನ್ನ."

"ಹೌದು."

"ಯಾಕೆ?"

"ನೀನು ಅಲ್ಲಿ ಕೂತಾಗ ನನಗೆ ಸಿಗ್ತಿದ್ದೆ. ಬೇರೆ ಎಲ್ಲೂ ಸಿಗ್ತಿರಲಿಲ್ಲ."

ಅವನು ತನ್ನ ಕುರ್ಚಿ ಮಡಚಿಟ್ಟ. ಕೋಪ ಬಂದಿದ್ದರೆ ಸುಲಭವಾಗುತ್ತಿತ್ತು. ಹಿಂದೆ ಕಾರ್ಖಾನೆಯಲ್ಲಿ ಕೆಲಸ ಹಂಚುವಾಗ ಆಡುತ್ತಿದ್ದ ದನಿಯಲ್ಲಿ ಹೇಳಿದ:

"ಆ ಡಬ್ಬಿ ಕೊಡು, ರುಲಾನ್‌ಗೆ ಕೊಡ್ತೀನಿ, ಬಿಚ್ಚಲಿ. ನಾಳೆಯಿಂದ ಮೇಜಿಗೆ ನೀನು ಕೂರು. ನಾನು ಪಕ್ಕದಲ್ಲಿ ಕೂತು ಹೇಳ್ತೀನಿ. ಏನು ತೂಕ ಅಂತ ಕೇಳು, ಹೇಳ್ತೀನಿ. ಆದ್ರೆ ಮದ್ದಿನ ತೂಕದ ಪುಸ್ತಕ ನೋಡು. ನಾನು ತಪ್ಪು ಹೇಳಿದ್ರೆ ಕೇಳಬೇಡ. ನಾನು ಜಗಳ ಆಡಿದ್ರೂ ಕೇಳಬೇಡ."

ನನಗೆ ಬೇಡವಾಗಿತ್ತು. ಆ ಹಿಡಿ ನನ್ನ ಕೈಗೆ ಬಂದ ದಿನ ನನಗಾಗಿ ತುಂಬುವವರು ಯಾರೂ ಇರುವುದಿಲ್ಲ. ಆದರೂ "ಆಯ್ತು" ಎಂದೆ. ಕೇಳಿದವನು ಡೆಲಾಯ್ ಆಗಿದ್ದ, ಪೂರ್ತಿ ಡೆಲಾಯ್. ಅವನಿಗೆ ಹೇಗೆ ಇಲ್ಲವೆನ್ನಲಿ?

"ಏನ್ರೀ ಗಂಡ ಹೆಂಡ್ತಿ, ಗುರಿಗೆ ಪಟ್ಟಿ ಹಚ್ಚೋರು ಯಾರು? ನಮ್ಮಜ್ಜಾನಾ?" ಎಂದು ಮೆರ್ಲಾ ಗೋಡೆಯಾಚೆಯಿಂದ ಕೂಗಿದಳು. ಒಬ್ಬರು ಹೊಡೆದ ಮೇಲೆ ತಂಡದವರೆಲ್ಲ ಮುಂದೆ ಹೋಗಿ ರಟ್ಟಿನ ತೂತುಗಳಿಗೆ ಕಂದು ಗೋಂದುಪಟ್ಟಿ ಹಚ್ಚಬೇಕು. ಇಲ್ಲದಿದ್ದರೆ ಮುಂದಿನವರ ತೂತು ಯಾವುದೆಂದು ತಿಳಿಯುವುದಿಲ್ಲ.

"ಅಜ್ಜ ಬಂದ ಇರು," ಎಂದು ಡೆಲಾಯ್ ಅವಳ ಕೈಯಿಂದ ಸುರುಳಿ ಕಿತ್ತುಕೊಂಡ.

ಮೊದಲ ರಟ್ಟಿನ ಮುಂದೆ ನಿಂತು ಪಟ್ಟಿ ಹರಿದ. ಹಚ್ಚುವ ಮೊದಲು ನನ್ನ ಒಂದು ತೂತಿಗೆ ಕಿರುಬೆರಳು ತೂರಿಸಿ ನೋಡಿದ.

"ಎಲ್ಲಾ ಕೆಳಗೆ ಎಡಕ್ಕೆ ಹೋಗಿದೆ. ಒದೆತಕ್ಕೆ ಹೆದರಿ ಮುಂಚೇನೇ ಕೈ ಅದುಮ್ತಿದ್ದೀಯ," ಎಂದು ಅಲ್ಲಿಂದಲೇ ಗದರಿದ. "ಹೆದರಬೇಡ."

"ಹೆದರಲ್ಲ," ಎಂದೆ.

ಅವನು ತೂತಿನ ಮೇಲೆ ಪಟ್ಟಿಯಿಟ್ಟು ಹೆಬ್ಬೆರಳಿನಿಂದ ಉಜ್ಜಿದ. ಗಾಳಿಗೆ ಏಳದ ಹಾಗೆ ಮತ್ತೊಮ್ಮೆ ಉಜ್ಜಿ, ಮುಂದಿನದಕ್ಕೆ ಹೋದ.