ಗುರುವಾರದ ಅಜ್ಜಿ

ಆಸ್ಪತ್ರೆಯ ಲಾಂಡ್ರಿಯ ಬಾಯ್ಲರ್ ಆ ಬುಧವಾರ ಕೆಡದೆ ಇದ್ದಿದ್ದರೆ ಚೂಟಿಯ ಅಮ್ಮನಿಗೆ ಈ ವಿಷಯ ಯಾವಾಗ ಗೊತ್ತಾಗುತ್ತಿತ್ತೋ ಹೇಳುವುದು ಕಷ್ಟ. ಹಬೆಯಿಲ್ಲದ ಮೇಲೆ ಇಸ್ತ್ರಿ ಯಂತ್ರದ ರೋಲರ್ ತಿರುಗಿಯೂ ದಂಡ. "ನಾಳೆ ಯಾರೂ ಬರ್ಬೇಡಿ, ರಿಪೇರಿಯೋರು ಬರ್ತಾರೆ" ಎಂದು ಸೂಪರ್‌ವೈಸರ್ ಹೇಳಿದ. ಆರು ವರ್ಷದಿಂದ ಬೆಳಿಗ್ಗೆ ಆರಕ್ಕೆ ಹೋಗಿ ಸಂಜೆ ನಾಲ್ಕರವರೆಗೆ ಹಾಸಿಗೆ ಬಟ್ಟೆಗಳ ಎರಡು ತುದಿ ಹಿಡಿದು ಆ ರೋಲರಿನ ಬಾಯಿಗೆ ಕೊಡುತ್ತಿದ್ದವಳಿಗೆ ಗುರುವಾರ ಬೆಳಿಗ್ಗೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಗಂಡ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಮನೆಯ ಮುಖ ನೋಡುವವನು. ಹತ್ತು ವರ್ಷದ ಮಗಳು ಚೂಟಿ ಆಗಲೇ ಶಾಲೆಗೆ ಹೋಗಿಯಾಗಿತ್ತು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇತ್ತು, ಮನೆಯಲ್ಲೂ ಶಾಲೆಯಲ್ಲೂ ಎಲ್ಲರ ಬಾಯಲ್ಲೂ ಚೂಟಿಯೇ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ಹಸಿರು ಪೆನ್ಸಿಲ್ಲಿನ ಗೆರೆ, ಪಕ್ಕದಲ್ಲಿ "ಕೈಗುರುತು" ಎಂದು ಬರೆದಿತ್ತು. ಅಮ್ಮನಿಗೆ ಖುಷಿಯಾಯಿತು. ಹೇಳದೆ ಕೇಳದೆ ಹೋಗಿ ನಿಂತರೆ ಮಗಳು ಹೇಗೆ ಓಡಿ ಬಂದಾಳು ಎಂದುಕೊಳ್ಳುತ್ತ ತಲೆ ಬಾಚಿಕೊಂಡಳು.

ಶಾಲೆ ಇದ್ದದ್ದು ಮುಚ್ಚಿಹೋದ ಒಂದು ದಾರದ ಕಾರ್ಖಾನೆಯಲ್ಲಿ. ಅಲ್ಲಿ ಗಂಟೆಯಿಲ್ಲ, ಪರೀಕ್ಷೆಯಿಲ್ಲ, ಪಾಠ ಹೇಳುವವರನ್ನು ಮಕ್ಕಳು ಅಕ್ಕ, ಅಣ್ಣ ಎಂದೇ ಕರೆಯುತ್ತಾರೆ. ಸೇರಿಸುವಾಗ ಒಂದೇ ಕರಾರು: ಪ್ರತಿ ಮನೆಯಿಂದ ಯಾರಾದರೊಬ್ಬರು ವಾರಕ್ಕೆ ಮೂರು ತಾಸು ಬಂದು ದುಡಿಯಬೇಕು. ಅಡುಗೆಯಾದರೂ ಸರಿ, ಕುರ್ಚಿ ರಿಪೇರಿಯಾದರೂ ಸರಿ, ಚಿಕ್ಕವರಿಗೆ ಓದಿ ಹೇಳಿದರೂ ಸರಿ. ವರ್ಷದ ಕೊನೆಗೆ ಹಾಗೆ ದುಡಿದವರು ತಮ್ಮ ಮಗುವಿನ ಜೊತೆ ಅಂಗೈಗೆ ಬಣ್ಣ ಬಳಿದುಕೊಂಡು ಒಂದು ಉದ್ದನೆಯ ಬಟ್ಟೆಯ ಮೇಲೆ ಒತ್ತುತ್ತಾರೆ. ಇದು ಆ ಶಾಲೆ ಶುರುವಾದಾಗಿನಿಂದ ಬಂದ ಪದ್ಧತಿ.

ಎರಡು ವರ್ಷದ ಹಿಂದೆ ಚೂಟಿಯ ಅಮ್ಮ ಆ ಕರಾರಿಗೆ ಸಹಿ ಹಾಕಿದ್ದಳು. ವಾರ ಕಳೆಯುವುದರೊಳಗೆ ಮಗಳು ಬಂದು, "ಫ್ಯಾಕ್ಟ್ರಿ, ಲಾಂಡ್ರಿಗೆ ಹೋಗೋರಿಗೆ ಬೇಡವಂತಮ್ಮ, ಅಕ್ಕ ಹೇಳಿದ್ರು" ಎಂದಿದ್ದಳು. ತಲೆಯ ಮೇಲಿನ ಹೊರೆ ಇಳಿದಂತಾಗಿತ್ತು. ನಿಜವೇ ಎಂದು ಹೋಗಿ ಕೇಳಲಿಲ್ಲ. ಕೇಳಿದರೆ ಎಲ್ಲಿ ಬನ್ನಿ ಅನ್ನುತ್ತಾರೋ ಎಂಬ ಅಳುಕು.

ಕಾರ್ಖಾನೆಯ ಹಜಾರದಲ್ಲಿ ಆ ಗುರುವಾರ ಜಾತ್ರೆಯಂತೆ ಜನ. ಬಣ್ಣದ ಬೋಗುಣಿಗಳು, ಒದ್ದೆ ಟವೆಲುಗಳು, ಮೊಣಕೈವರೆಗೆ ನೀಲಿಯಾದ ಮಕ್ಕಳು. ಹೋದ ವರ್ಷದ ಬಟ್ಟೆಯನ್ನು ಗೋಡೆಗೆ ಕಟ್ಟಿದ್ದರು. ಚೂಟಿಯ ಅಮ್ಮ ಸುಮ್ಮನೆ ಅದನ್ನು ನೋಡುತ್ತ ನಡೆದಳು. ಮಗಳ ಹೆಸರು ಕಂಡಿತು. ಅದರ ಕೆಳಗೆ ಚಿಕ್ಕ ಅಂಗೈ. ಅದಕ್ಕೆ ತಾಗಿಕೊಂಡಂತೆ ದೊಡ್ಡದೊಂದು ಅಂಗೈ, ಗಂಟುಗಂಟಿನ ಬೆರಳು, ಕಿರುಬೆರಳು ಸೊಟ್ಟ.

ಬೇರೆ ಯಾರದೋ ಜಾಗ ತಪ್ಪಿ ಬಿದ್ದಿರಬೇಕು ಎಂದುಕೊಂಡಳು.

"ನೀವು ಚೂಟಿ ಅಮ್ಮ ಅಲ್ವಾ?" ಶಾಲೆ ನೋಡಿಕೊಳ್ಳುವ ಹಿರಿಯಕ್ಕ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. "ಸೇರಿಸುವಾಗ ನೋಡಿದ್ದು. ಅಂತೂ ಬಿಡುವಾಯ್ತಲ್ಲ. ಅಜ್ಜಿ ಇನ್ನೂ ಬಂದಿಲ್ವಾ?"

"ಯಾವ ಅಜ್ಜಿ?"

"ನಿಮ್ಮತ್ತೆ. ಅಥವಾ ನಿಮ್ಮಮ್ಮನೋ, ನಾನು ಕೇಳೇ ಇಲ್ಲ ನೋಡಿ. ಎರಡು ವರ್ಷದಲ್ಲಿ ಒಂದು ಗುರುವಾರ ತಪ್ಪಿಸಿಲ್ಲ ಅವರು. ಮಕ್ಕಳಿಗೆ ಪುಸ್ತಕ ಹೊಲಿಯೋದು ಕಲಿಸಿದ್ದೇ ಅವರು. ಚೂಟಿ ಬಗ್ಗೆ ಮಾತಾಡೋಕೆ ಕರೆದಾಗಲೂ ಅವರೇ ಬಂದಿದ್ರಲ್ಲ."

ಚೂಟಿಯ ಅಮ್ಮ ಗೋಡೆಯ ಬಟ್ಟೆಯ ಕಡೆ ತಿರುಗಿ ನೋಡಿದಳು. "ನಮ್ಮತ್ತೆ ತೀರ್ಕೊಂಡಾಗ ಇವಳು ಹುಟ್ಟೇ ಇರ್ಲಿಲ್ಲ" ಎಂದಳು. "ನಮ್ಮಮ್ಮ ನನ್ನ ಮದುವೆಗೆ ಮುಂಚೆನೇ ಹೋದ್ರು."

ಹಿರಿಯಕ್ಕನ ಮುಖದ ನಗು ಹಾಗೆಯೇ ನಿಂತಿತ್ತು, ಬಣ್ಣ ಮಾತ್ರ ಇಳಿದುಹೋಯಿತು. ಕೈಯಲ್ಲಿದ್ದ ಟವೆಲು ಜಾರಿದ್ದು ಅವರಿಗೆ ತಿಳಿಯಲಿಲ್ಲ. ಎರಡು ವರ್ಷ, ಸುಮಾರು ಎಂಬತ್ತು ಗುರುವಾರ. ಯಾರೋ ಒಬ್ಬ ಹೆಂಗಸು ಬಂದು ತನ್ನ ಮಗಳ ಪಕ್ಕ ಕೂತು ಹೋಗಿದ್ದಾಳೆ. ಮಗಳ ಜ್ವರ, ಮಗಳ ಲೆಕ್ಕ, ಮನೆಯ ಸುದ್ದಿ ಎಲ್ಲ ಅವಳಿಗೆ ಗೊತ್ತು. ಅವಳು ಯಾರೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಚೂಟಿಯ ಅಮ್ಮ ಆ ಗದ್ದಲದಲ್ಲಿ ಮಗಳನ್ನು ಹುಡುಕಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಚೂಟಿ ಕಂಡಳು. ಒಂದು ಕೈಯಲ್ಲಿ ಎಪ್ಪತ್ತರ ಆಸುಪಾಸಿನ ತೆಳ್ಳನೆಯ ಹೆಂಗಸೊಬ್ಬರ ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ಅವರ ಕೈ. ಅಮ್ಮನನ್ನು ಕಂಡದ್ದೇ ಹುಡುಗಿ ನಿಂತಲ್ಲೇ ನಿಂತಳು. ಓಡಿ ಬರಲಿಲ್ಲ. ಹಿಡಿದ ಕೈಯನ್ನು ಬಿಡಲೂ ಇಲ್ಲ.

ಹಿರಿಯಕ್ಕ ಮೂವರನ್ನೂ ಕಾಗದದ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಯಾರು ನೀವು?" ಚೂಟಿಯ ಅಮ್ಮನ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ನನ್ನ ಮಗಳ ಹತ್ರ ಏನು ಕೆಲಸ ನಿಮಗೆ?"

ಅಜ್ಜಿ ಗಾಬರಿಯಾದರು. "ನೀವು ಚೂಟಿ ಅಮ್ಮ ಅಲ್ವೇ? ನಾನು ಬೈಂಡಿಂಗ್ ಅಂಗಡಿ... ಈ ಬೀದಿ ತಿರುವಿನಲ್ಲಿ. ನೀವೇ ಅಲ್ವಾ ನಿಮ್ಮ ಬದಲು ಶಾಲೆಗೆ ಹೋಗಿ ಬನ್ನಿ ಅಂದಿದ್ದು?"

"ನಾನಾ? ನಿಮ್ಮ ಮುಖಾನೇ ನೋಡಿಲ್ಲ ನಾನು."

"ಮುಖ ನೋಡಿಲ್ಲ, ನಿಜ. ಚೀಟಿ ಕಳಿಸ್ತಿದ್ರಲ್ಲ ತಾಯಿ, ವಾರ ವಾರ." ಹೇಳುತ್ತಿದ್ದಂತೆಯೇ ಅವರ ಕಣ್ಣು ಮೆಲ್ಲಗೆ ಚೂಟಿಯ ಕಡೆ ತಿರುಗಿತು. ಚೂಟಿ ನೆಲ ನೋಡುತ್ತಿದ್ದಳು. ಅಜ್ಜಿ ಕಾಗದದ ಕಟ್ಟಿನ ಮೇಲೆ ಕುಸಿದು ಕೂತರು. "ಅಯ್ಯೋ ಮಗೂ" ಎಂದರು, ಅಷ್ಟೆ.

ಹಿರಿಯಕ್ಕ ತಡವರಿಸುತ್ತ, "ಮತ್ತೆ ನಮ್ಮ ಹತ್ರ ಅಜ್ಜಿ ಅಂತ..." ಎಂದರು.

"ನಾನು ಅಜ್ಜಿ ಅಂತ ಎಲ್ಲಿ ಅಂದೆ? ಇವಳು ಅಜ್ಜಿ ಅಂದ್ಳು. ಬೀದಿ ಮಕ್ಕಳೆಲ್ಲ ಹಾಗೇ ಅಂತಾರೆ. ನೀವೂ ಅಜ್ಜಿ, ಬನ್ನಿ ಅಂದ್ರಿ. ನನ್ನನ್ನ ಇನ್ನೇನಂತ ಕರೀಬೇಕು ಹೇಳಿ?"

ಸುಳ್ಳು ಹೇಳಿದವಳು ಹತ್ತು ವರ್ಷದ ಹುಡುಗಿ ಒಬ್ಬಳೇ. ಉಳಿದ ದೊಡ್ಡವರೆಲ್ಲ ಒಂದು ಪದದ ಮೇಲೆ ನಂಬಿಕೆಯಿಟ್ಟು ಎರಡು ವರ್ಷ ನಿಶ್ಚಿಂತೆಯಾಗಿದ್ದರು.

ಆ ದಿನ ಅವರ ಪಾಲಿಗೆ ಕೈಗುರುತು ನಡೆಯಲಿಲ್ಲ. ಅಜ್ಜಿ ಎದ್ದು, "ಚೀಟಿ ನೋಡ್ಬೇಕು ಅಂದ್ರೆ ಬನ್ನಿ" ಎಂದು ಅಂಗಡಿಗೆ ನಡೆದರು. ಚೂಟಿಯನ್ನು ಹಿರಿಯಕ್ಕನ ಬಳಿ ಬಿಟ್ಟು ಅಮ್ಮ ಹಿಂದೆಯೇ ಹೋದಳು. ಅಂಗಡಿಯೆಂದರೆ ಒಂದು ಕೋಣೆ, ಅಂಟಿನ ವಾಸನೆ, ರಟ್ಟು ಕತ್ತರಿಸುವ ಮೇಜು, ದಾರದ ಉಂಡೆಗಳು. ಅಜ್ಜಿ ಮೇಲಿನ ಅರೆಯಿಂದ ಅಂಗೈಯಗಲದ ಒಂದು ಪುಸ್ತಕ ತೆಗೆದರು. ಬಂದ ಚೀಟಿಗಳನ್ನೆಲ್ಲ ಒಂದೂ ಎಸೆಯದೆ ಹೊಲಿದು, ಕಂದು ಬಟ್ಟೆಯ ಹೊದಿಕೆ ಹಾಕಿ ಇಟ್ಟುಕೊಂಡಿದ್ದರು.

ಚೂಟಿಯ ಅಮ್ಮ ಮೊದಲ ಪುಟ ತೆರೆದಳು. ಅದು ಅವಳದೇ ಅಕ್ಷರ. ತಾನು ಬರೆದ ಅಂಗಡಿ ಸಾಮಾನಿನ ಪಟ್ಟಿ ನೋಡಿ ನೋಡಿ ಮಗಳು ಕಲಿತಿರಬೇಕು. ಬಲಕ್ಕೆ ವಾಲುವ ಸಾಲು, ಬಾಲ ಎಳೆದ ಒತ್ತಕ್ಷರ, ಎಲ್ಲವೂ.

"ಅಜ್ಜಿ, ಈ ಗುರುವಾರವೂ ನನಗೆ ಕೆಲಸ. ನೀವು ಹೋಗಿ ಬಂದರೆ ದೊಡ್ಡ ಉಪಕಾರ. ನಿಮ್ಮ ಮಂಡಿ ನೋವು ಹೇಗಿದೆ? ಇಂತಿ ಚೂಟಿಯ ಅಮ್ಮ."

"ಅಜ್ಜಿ, ಚೂಟಿ ಬಿಡಿಸಿದ ಚಿತ್ರಗಳನ್ನೆಲ್ಲ ಗೋಡೆಗೆ ಅಂಟಿಸಿದ್ದೇನೆ. ಜಾಗ ಸಾಲುತ್ತಿಲ್ಲ."

ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಒಂದು ಬಿಟ್ಟು ಏನೂ ಇರಲಿಲ್ಲ.

"ಅಜ್ಜಿ, ನಿನ್ನೆ ಚೂಟಿ ಹಾಲಿನ ಪಾತ್ರೆ ಬೀಳಿಸಿದಳು. ನಾನು ಬೈಯಲಿಲ್ಲ. ಸುಸ್ತಾಗಿದ್ದಾಗ ಯಾರ ಕೈಯೂ ಜಾರುತ್ತದೆ ಎಂದೆ."

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಬೈದದ್ದಷ್ಟೇ ಅಲ್ಲ, ಬೆನ್ನಿಗೆ ಎರಡು ಕೊಟ್ಟಿದ್ದಳು. ಕೊನೆಯವರೆಗೂ ಪುಟ ತಿರುಗಿಸಿದಳು. ಎಂಬತ್ತು ಪುಟಗಳ ತುಂಬ ಅವಳ ಹೆಸರಿನಲ್ಲಿ, ಅವಳ ಅಕ್ಷರದಲ್ಲಿ ಇನ್ನೊಬ್ಬಳು ತಾಯಿ ಬದುಕಿದ್ದಳು. ಕೇಳುವವಳು, ನಗುವವಳು, ಬೇರೆಯವರ ಮಂಡಿ ನೋವು ವಿಚಾರಿಸುವವಳು. ಬೆಳಿಗ್ಗೆ ಒಬ್ಬ ಅಪರಿಚಿತ ಹೆಂಗಸಿಗೆ ಹೆದರಿದ್ದವಳಿಗೆ ಈಗ ಆ ಭಯವೇ ಹಗುರವಾಗಿತ್ತು ಅನ್ನಿಸಿತು.

"ನಿಮ್ಮನ್ನ ನೋಡ್ಬೇಕು ಅಂತ ಆಸೆ ಇತ್ತು" ಎಂದರು ಅಜ್ಜಿ. "ಎಷ್ಟು ಒಳ್ಳೆ ಹೆಂಗಸು ಅಂದ್ಕೊಂಡಿದ್ದೆ."

ಚುಚ್ಚಲೆಂದು ಆಡಿದ ಮಾತಲ್ಲ ಅದು. ಅವರಿಗೂ ಏನೋ ಕಳೆದುಹೋಗಿತ್ತು.

ಸಂಜೆ ಮನೆಯಲ್ಲಿ ಚೂಟಿ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಳು. ಅಮ್ಮ ಬೈಯಲು ಹೋದರೆ ಮಾತು ಬರುತ್ತಿಲ್ಲ, ಸಮಾಧಾನ ಮಾಡಲು ಹೋದರೆ ಕೈ ಬರುತ್ತಿಲ್ಲ. ಕೊನೆಗೆ, "ಯಾಕೆ ಹೀಗೆ ಮಾಡ್ದೆ? ಅಷ್ಟು ಹೇಳು ಸಾಕು" ಎಂದಳು.

"ಸಹಿ ಹಾಕಿ ಬಂದ ದಿನ ಅಪ್ಪಂಗೆ ಫೋನ್ ಮಾಡಿದ್ದೆ ನೀನು. ಇದು ನಮ್ ಕೈಲಾಗೋ ಮಾತಲ್ಲ, ಇವಳನ್ನ ಮತ್ತೆ ಹಳೇ ಶಾಲೆಗೇ ಹಾಕೋಣ ಅಂದೆ. ನಾನು ಬಚ್ಚಲಮನೇಲಿದ್ದೆ. ಎಲ್ಲಾ ಕೇಳಿಸ್ತು." ಹಳೇ ಶಾಲೆಯಲ್ಲಿ ಅವಳು ಒಂದು ವರ್ಷ ಯಾರೊಡನೆಯೂ ಮಾತಾಡಿರಲಿಲ್ಲ. "ಅಜ್ಜಿ ಅಂಗಡೀಲಿ ಸುಮ್ನೆ ಕೂತಿದ್ರು. ಬರ್ತೀರಾ ಅಂತ ಕೇಳ್ದೆ. ನಿಮ್ಮಮ್ಮ ಕೇಳಿದ್ರೆ ಬರ್ತೀನಿ ಅಂದ್ರು. ಅದಕ್ಕೇ ನೀನು ಕೇಳ್ದೆ."

ಗಂಡನಿಗೆ ಫೋನಿನಲ್ಲಿ ಹೇಳಿದಾಗ ಅವನು ಮೊದಲು ನಕ್ಕ. "ನಮ್ಮ ಚೂಟಿ ಮಂತ್ರಿ ಆಗ್ತಾಳೆ ನೋಡು" ಎಂದ. ಆಮೇಲೆ ಲಾರಿ ನಿಲ್ಲಿಸಿ ಎಂಜಿನ್ ಆರಿಸಿದ. "ನೀನು ಹೋಗ್ತಿದ್ದೀಯ ಅಂದ್ಕೊಂಡಿದ್ದೆ" ಎಂದ ಕೊನೆಗೆ. "ನಾನೂ ಕೇಳ್ಲಿಲ್ಲ."

ಶನಿವಾರ ಬೆಳಿಗ್ಗೆ ಎಲ್ಲ ಮನೆಯವರ ಸಭೆ ಸೇರಿತು. ಆ ಶಾಲೆಯಲ್ಲಿ ಇಂಥ ಸಭೆಗೆ ಅಧ್ಯಕ್ಷರಿಲ್ಲ, ನೆಲದ ಮೇಲೆ ಸುತ್ತ ಕೂತು ಒಬ್ಬೊಬ್ಬರೇ ಮಾತಾಡಬೇಕು. ಹಿರಿಯಕ್ಕ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, "ನಾನು ವಿಚಾರಿಸ್ಬೇಕಿತ್ತು, ವಿಚಾರಿಸ್ಲಿಲ್ಲ" ಎಂದು ತಲೆ ತಗ್ಗಿಸಿದರು. ಆ ಅಜ್ಜಿಯ ತೊಡೆಯ ಮೇಲೆ ತಮ್ಮ ಮಕ್ಕಳನ್ನು ಬಿಟ್ಟು ಅಡುಗೆಗೆ ಹೋದ ತಾಯಂದಿರು ಎಷ್ಟೋ ಜನ ಅಲ್ಲಿದ್ದರು.

ಹಲ್ಲಿನ ಡಾಕ್ಟರಾಗಿದ್ದ ಒಬ್ಬ ತಂದೆ ಮೊದಲು ಬಾಯಿ ಬಿಟ್ಟರು. "ಈ ಅಜ್ಜಿ ಒಳ್ಳೆಯವರು, ಒಪ್ಪಿದೆ. ಅದು ನಮ್ಮ ಪುಣ್ಯ. ಒಳ್ಳೆಯವರಲ್ಲದೆ ಇದ್ದಿದ್ರೆ? ಎರಡು ವರ್ಷ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಬಾಗಿಲ ಬಳಿ ಕೂತಿದ್ದ ಅಜ್ಜಿ ತಲೆಯಾಡಿಸಿದರು. "ಡಾಕ್ಟರು ಹೇಳೋದು ಸರಿಯಾಗಿದೆ" ಎಂದರು.

ಚೂಟಿಯ ಅಮ್ಮನಿಗೆ ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಆದರೂ ಹೇಳಿದಳು. "ನನ್ನ ಮಗಳು ಸುಳ್ಳು ಹೇಳಿದ್ಳು. ನಂಗೆ ಬೇಕಾಗಿದ್ದ ಸುಳ್ಳೇ ಅದು, ಅದಕ್ಕೇ ನಾನು ಕೆದಕಲಿಲ್ಲ. ಇವರನ್ನ ಮಾತ್ರ ಏನೂ ಅನ್ಬೇಡಿ. ಕರೆದಿದ್ದಕ್ಕೆ ಬಂದೋರು ಇವರು."

ಮಧ್ಯಾಹ್ನದವರೆಗೆ ಮಾತು ನಡೆಯಿತು. ಇನ್ನು ಮುಂದೆ ಯಾರೇ ಬರಲಿ, ತಂದೆ ತಾಯಿ ಖುದ್ದಾಗಿ ಕರೆತಂದು ಪರಿಚಯಿಸಬೇಕು ಎಂದಾಯಿತು. ಅಜ್ಜಿ ಮುಂದೆಯೂ ಬರಬಹುದು, ಆದರೆ ಒಂದು ಅವಧಿಯವರೆಗೆ ಇನ್ನೊಬ್ಬರು ಜೊತೆಗಿರಬೇಕು ಎಂದೂ ಆಯಿತು. ಅಜ್ಜಿ ಎದ್ದು ಚೀಲ ಹೆಗಲಿಗೇರಿಸಿಕೊಂಡರು. "ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಆದ್ರೆ ನಂಗೂ ಅವಮಾನ ಅಂತ ಒಂದಿದೆಯಲ್ಲ. ಸದ್ಯಕ್ಕೆ ಬರಲ್ಲ" ಎಂದು ಹೊರಟೇಹೋದರು. ಚೂಟಿ ಕಿಟಕಿಯಿಂದ ನೋಡುತ್ತಿದ್ದಳು. ಆ ವಾರವಿಡೀ ಅವಳು ಅಮ್ಮನ ಜೊತೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ.

ಅಮ್ಮ ಸೂಪರ್‌ವೈಸರನ ಬೆನ್ನು ಬಿದ್ದು ಗುರುವಾರದ ಬದಲು ಭಾನುವಾರ ಕೆಲಸ ಹಾಕಿಸಿಕೊಂಡಳು. ಎರಡು ವರ್ಷದ ಹಿಂದೆಯೂ ಇದು ಸಾಧ್ಯವಿತ್ತು, ಕೇಳಬೇಕಿತ್ತಷ್ಟೆ. ಶಾಲೆಯ ಹೊಸ ವರ್ಷದ ಮೊದಲ ಗುರುವಾರ ಪುಸ್ತಕ ಹೊಲಿಯುವ ಮಕ್ಕಳ ಜೊತೆ ಅವಳನ್ನು ಕೂರಿಸಿದರು. ಕಾಗದಗಳನ್ನು ಜೋಡಿಸಿ ದಬ್ಬಳ ತೂರಿಸಿದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಹರಿದೇಹೋಯಿತು. ಏಳು ವರ್ಷದವನೊಬ್ಬ ಅವಳ ಕೈಯಿಂದ ಅದನ್ನು ತೆಗೆದುಕೊಂಡು, "ಹೀಗಲ್ಲ ಆಂಟಿ, ಮೊದಲು ನಡುವಿನ ತೂತಿಂದ" ಎಂದು ಬಿಡಿಸಿ ಹೊಲಿದುಕೊಟ್ಟ. ಎರಡು ಮೇಜಿನಾಚೆ ಕೂತಿದ್ದ ಚೂಟಿ ನೋಡಿಯೂ ನೋಡದವಳಂತಿದ್ದಳು.

ಶಾಲೆ ಬಿಟ್ಟ ಮೇಲೆ ತಾಯಿ ಮಗಳು ಒಟ್ಟಿಗೆ ಮನೆಯ ಕಡೆ ನಡೆದರು. ಬೈಂಡಿಂಗ್ ಅಂಗಡಿಯ ಮುಂದೆ ಚೂಟಿಯ ಹೆಜ್ಜೆ ತಾನಾಗಿ ನಿಧಾನವಾಯಿತು. ಅಮ್ಮ ಒಳಗೆ ಹೋದಳು. ಅಂಟು ಕಲಸುತ್ತಿದ್ದ ಅಜ್ಜಿ ತಲೆಯೆತ್ತಿದರು.

"ನಂಗೆ ಹೊಲಿಗೆ ಬರ್ತಿಲ್ಲ" ಎಂದಳು ಚೂಟಿಯ ಅಮ್ಮ. "ಮಕ್ಕಳೆಲ್ಲ ನಗ್ತಾರೆ. ನೀವು ಹೇಳ್ಕೊಡ್ತೀರಾ? ಈ ಸಲ ನಾನೇ ಕೇಳ್ತಿದ್ದೀನಿ."

ಅಜ್ಜಿ ಅವಳ ಮುಖವನ್ನು ನೋಡಿದರು. ಎರಡು ವರ್ಷ ತಾವು ಓದಿದ್ದ ಹೆಂಗಸು ಇವಳಲ್ಲ ಎಂದು ಅವರಿಗೆ ಗೊತ್ತಿತ್ತು. ಅಂಟಿನ ಬಟ್ಟಲನ್ನು ಪಕ್ಕಕ್ಕಿಟ್ಟು, ಕಾಲಿನಿಂದ ಸ್ಟೂಲನ್ನು ಮುಂದೆ ತಳ್ಳಿದರು.

"ಕೂತ್ಕೊಳಮ್ಮ" ಎಂದರು. "ಹುಡುಗೀನೂ ಒಳಗೆ ಬರೋಕೆ ಹೇಳು, ಬಿಸಿಲಲ್ಲಿ ನಿಂತಿದೆ."